ಹಲ್ಲಿನಿಂದ ಹಾಡು ಕೇಳಿದ ಎಡಿಸನ್

ಮಕ್ಕಳ ಶಿಕ್ಷಣಕ್ಕೆ ಹೊಸ ದಾರಿ ತೋರಿದ ಇಟಲಿಯ ಮರಿಯಾ ಮಾಂಟೆಸ್ಸರಿ 1913ರಲ್ಲಿ ಅಮೆರಿಕಕ್ಕೆ ಹೋದಾಗ ಥಾಮಸ್ ಆಲ್ವಾ ಎಡಿಸನ್ ಮನೆಯಲ್ಲಿ ಅತಿಥಿಯಾಗಿದ್ದರು. ಸಂಗೀತ ಕೇಳಲು ಮನೆಯ ಯಜಮಾನ ಪಿಯಾನೊದ ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿದದ್ದನ್ನು ಕಂಡು ಆಕೆಯ ಕಣ್ಣು ತುಂಬಿ ಬಂತಂತೆ. ಎಡಿಸನ್‌ಗೆ ಅದು ದಿನನಿತ್ಯದ ಕೆಲಸ. ಜಗತ್ತಿನಲ್ಲಿ ಮೊದಲ ಬಾರಿಗೆ ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸಿದ ಮನುಷ್ಯನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬಲ್ಬಿನ ಕಥೆ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಕಿವಿಯ ಕಥೆ ಅಷ್ಟಾಗಿ ಗೊತ್ತಿಲ್ಲ.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೊ ರಾಜ್ಯದ ಮಿಲಾನ್ ಎಂಬ ಸಣ್ಣ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ಶಾಲೆಗೆ ಹೋಗಿದ್ದು ಕೆಲವೇ ತಿಂಗಳು, ಉಳಿದದ್ದನ್ನೆಲ್ಲ ಕಲಿಸಿದ್ದು ತಾಯಿ ನ್ಯಾನ್ಸಿ. 12ನೇ ವಯಸ್ಸಿಗೆ ಪೋರ್ಟ್ ಹ್ಯೂರಾನ್ ಮತ್ತು ಡೆಟ್ರಾಯಿಟ್ ನಡುವೆ ಓಡುವ ರೈಲಿನಲ್ಲಿ ಪೇಪರು, ಮಿಠಾಯಿ ಮಾರುವ ಹುಡುಗನಾದ. ಕಿವಿ ಮಂದವಾಗಲು ಶುರುವಾದದ್ದು ಹೆಚ್ಚುಕಡಿಮೆ ಆಗಲೇ.

ಕಾರಣಕ್ಕೆ ಎರಡು ಮೂರು ಕಥೆಗಳಿವೆ. ಹುಡುಗ ಲಗೇಜು ಬೋಗಿಯಲ್ಲಿ ರಾಸಾಯನಿಕಗಳನ್ನು ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದ, ಒಮ್ಮೆ ಬೆಂಕಿ ಹೊತ್ತಿಕೊಂಡಿತು, ಸಿಟ್ಟಿಗೆದ್ದ ರೈಲಿನ ಕಂಡಕ್ಟರ್ ಕಿವಿಗೆ ಬಾರಿಸಿದ ಎನ್ನುವುದು ಒಂದು. ಹೊರಟ ರೈಲನ್ನು ಹತ್ತಲಾಗದೆ ಒದ್ದಾಡುತ್ತಿದ್ದಾಗ ಯಾರೋ ಎರಡೂ ಕಿವಿ ಹಿಡಿದು ಮೇಲಕ್ಕೆ ಎಳೆದುಕೊಂಡರು, ತಲೆಯೊಳಗೆ ಏನೋ ಕಿತ್ತಂತಾಯಿತು ಎನ್ನುವುದು ಎಡಿಸನ್ ತಾನೇ ಮುಂದೆ ಹೇಳಿಕೊಂಡದ್ದು. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರ ಮತ್ತು ಕಿವಿಯ ಸೋಂಕು ಹೆಚ್ಚು ನಂಬುವಂಥ ಕಾರಣ. ಪೆನಿಸಿಲಿನ್ ಇಲ್ಲದ ಕಾಲದಲ್ಲಿ ಕಿವಿ ಸೋರಿ ಸೋರಿ ಕೇಳುವ ಶಕ್ತಿ ಕಳೆದುಕೊಂಡ ಮಕ್ಕಳಿಗೆ ಲೆಕ್ಕವಿರಲಿಲ್ಲ. ಏನೇ ಇರಲಿ, 12ರ ನಂತರ ತಾನು ಹಕ್ಕಿಯ ಹಾಡು ಕೇಳಿಲ್ಲ ಎಂದು ಆತ ಹೇಳುತ್ತಿದ್ದ.

ಟೆಲಿಗ್ರಾಫ್ ಕೆಲಸಕ್ಕೆ ಸೇರಿದಾಗ ಈ ಕೊರತೆಯೇ ಅನುಕೂಲವಾಯಿತು. ಒಂದೇ ಕೋಣೆಯಲ್ಲಿ ಹತ್ತಾರು ಯಂತ್ರಗಳು ಕಟಕಟ ಎನ್ನುತ್ತಿದ್ದರೂ ಎಡಿಸನ್‌ಗೆ ಕೇಳುತ್ತಿದ್ದದ್ದು ತನ್ನ ಮುಂದಿನ ಯಂತ್ರದ ಸದ್ದು ಮಾತ್ರ. ಮುಂದೆ ಟೆಲಿಫೋನ್ ಬಂದಾಗಲೂ ಹೀಗೇ ಆಯಿತು. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಯಾರಿಸಿದ ಫೋನಿನ ದನಿ ಬಹಳ ಕ್ಷೀಣವಾಗಿತ್ತು. ಎಡಿಸನ್ ಕಿವಿಗಂತೂ ಅದು ತಲುಪುತ್ತಲೇ ಇರಲಿಲ್ಲ. ತನಗೆ ಕೇಳಿಸುವಷ್ಟು ಗಟ್ಟಿ ಮಾಡಬೇಕೆಂದು ಕುಳಿತವನು ಒತ್ತಡಕ್ಕೆ ತಕ್ಕಂತೆ ವಿದ್ಯುತ್ತನ್ನು ಹೆಚ್ಚುಕಡಿಮೆ ಹರಿಯಬಿಡುವ ಇಂಗಾಲದ ಬಿಲ್ಲೆಯನ್ನು ಮಾತಿನ ಕಡೆಗೆ ಅಳವಡಿಸಿದ. 1877ರ ಆ ಬಿಲ್ಲೆಯ ಸಂತತಿ ಸುಮಾರು ನೂರು ವರ್ಷ ಜಗತ್ತಿನ ಫೋನುಗಳಲ್ಲಿ ಉಳಿಯಿತು.

ಅದೇ ವರ್ಷದ ಕೊನೆಯಲ್ಲಿ ಫೋನೋಗ್ರಾಫ್ ಹುಟ್ಟಿತು. ನ್ಯೂಜೆರ್ಸಿಯ ಮೆನ್ಲೊ ಪಾರ್ಕ್ ಪ್ರಯೋಗಾಲಯದಲ್ಲಿ ಜಾನ್ ಕ್ರೂಸಿ ಎಂಬ ಕುಶಲ ಮೆಕ್ಯಾನಿಕ್ ಎಡಿಸನ್ ಕೊಟ್ಟ ನಕ್ಷೆ ನೋಡಿ ಯಂತ್ರ ಕಟ್ಟಿದ. ತವರದ ತೆಳು ಹಾಳೆ ಸುತ್ತಿದ ಉರುಳೆ, ಅದರ ಮೇಲೆ ಒಂದು ಮೊಳೆಯಂಥ ಸೂಜಿ, ತಿರುಗಿಸಲು ಹಿಡಿ. ಎಡಿಸನ್ ಅದರೊಳಗೆ ಮಕ್ಕಳ ಪದ್ಯವೊಂದನ್ನು ಕೂಗಿ ಹೇಳಿದ. ಯಂತ್ರ ಅದನ್ನು ತಿರುಗಿ ಒಪ್ಪಿಸಿತು. 1878ರ ಫೆಬ್ರವರಿ 19ರಂದು ಪೇಟೆಂಟ್ ಸಿಕ್ಕಿತು, ಏಪ್ರಿಲ್‌ನಲ್ಲಿ ಯಂತ್ರ ಶ್ವೇತಭವನದಲ್ಲಿ ಅಧ್ಯಕ್ಷ ಹೇಯ್ಸ್ ಎದುರು ಮಾತನಾಡಿತು.

ಫೋನೋಗ್ರಾಫ್ ಸುದ್ದಿ ಹರಡಿದ ಮೇಲೆ ಕಿವಿ ಕೇಳದ ಜನರಿಂದ ಎಡಿಸನ್‌ಗೆ ಪತ್ರಗಳು ಬರತೊಡಗಿದವು. ಸತ್ತ ಶಬ್ದಕ್ಕೆ ಜೀವ ಕೊಡಬಲ್ಲವನು ನಮಗೊಂದು ಕಿವಿ ಮಾಡಿಕೊಡಲಾರನೇ ಎಂಬ ಆಸೆ. ಆತ ಮನಸ್ಸು ಮಾಡಿದ್ದೂ ನಿಜ. 1878ರಲ್ಲಿ ಆರು ಅಡಿಗೂ ಉದ್ದದ ಎರಡು ಕಾಗದದ ಆಲಿಕೆಗಳನ್ನು ಮಾಡಿಸಿ, ಅವುಗಳ ತುದಿಯಿಂದ ಕಿವಿಗೆ ಕೊಳವೆ ಕೊಟ್ಟು, ಬಹು ದೂರದ ಮಾತು ಕೇಳಿಸುತ್ತದೆಯೇ ಎಂದು ಬಯಲಿನಲ್ಲಿ ನಿಂತು ಪರೀಕ್ಷಿಸಿದ. ಕೇಳಿಸಿತು. ಆದರೆ ಆರಡಿ ಆಲಿಕೆಯನ್ನು ಹೊತ್ತುಕೊಂಡು ಯಾರ ಮನೆಯ ಊಟಕ್ಕೆ ಹೋಗಲು ಸಾಧ್ಯ? ಜೇಬಿಗೆ ಹಿಡಿಸುವಂಥದ್ದನ್ನು ಮಾಡುವ ಮೊದಲೇ ವಿದ್ಯುದ್ದೀಪದ ಹುಚ್ಚು ಹಿಡಿಯಿತು. ಪತ್ರ ಬರೆದವರು ಕಾಯುತ್ತಲೇ ಉಳಿದರು.

ತನಗೆ ಮಾತ್ರ ಎಡಿಸನ್ ಬೇರೆ ಉಪಾಯ ಕಂಡುಕೊಂಡಿದ್ದ. ಕಚ್ಚುವುದು. ಕಿವಿಯ ತಮಟೆ ಮತ್ತು ಅದರ ಹಿಂದಿನ ಮೂರು ಪುಟ್ಟ ಮೂಳೆಗಳು ಕೆಟ್ಟಿದ್ದರೂ ಒಳಗಿವಿ ಸ್ವಲ್ಪ ಚೆನ್ನಾಗಿದ್ದರೆ, ಕಂಪನವನ್ನು ನೇರವಾಗಿ ತಲೆಬುರುಡೆಯ ಮೂಲಕ ಅಲ್ಲಿಗೆ ಕಳಿಸಬಹುದು. ಹಲ್ಲು ದವಡೆಗೆ, ದವಡೆ ಬುರುಡೆಗೆ ಅಂಟಿಕೊಂಡಿದೆಯಲ್ಲ. ಬೀಥೋವನ್ ಕೂಡ ಕೋಲೊಂದನ್ನು ಹಲ್ಲಿನಲ್ಲಿ ಹಿಡಿದು ಪಿಯಾನೊಗೆ ತಾಗಿಸುತ್ತಿದ್ದನೆಂಬ ಕಥೆ ಪ್ರಚಲಿತವಿದೆ. ಇಂದು ಬುರುಡೆಯ ಮೂಳೆಗೇ ಕೂರಿಸುವ ಶ್ರವಣ ಸಾಧನಗಳೂ, ಓಟಗಾರರು ಕಿವಿ ಮುಚ್ಚದೆ ಹಾಕಿಕೊಳ್ಳುವ ಹೆಡ್‌ಫೋನುಗಳೂ ಕೆಲಸ ಮಾಡುವುದು ಇದೇ ತತ್ವದ ಮೇಲೆ. ಎಡಿಸನ್ ಫೋನೋಗ್ರಾಫಿನ ಮರದ ಪೆಟ್ಟಿಗೆಯನ್ನೇ ಕಚ್ಚುತ್ತಿದ್ದ.

ಮನೆಯಲ್ಲಿ ಇನ್ನೊಂದು ದಾರಿಯಿತ್ತು. ಮೊದಲ ಹೆಂಡತಿ ಮೇರಿ 1884ರಲ್ಲಿ ತೀರಿಕೊಂಡ ಮೇಲೆ ಎಡಿಸನ್ ಮೀನಾ ಮಿಲ್ಲರ್‌ಳನ್ನು ಮೆಚ್ಚಿದ. ಆಕೆಗೆ ಟೆಲಿಗ್ರಾಫಿನ ಮೋರ್ಸ್ ಸಂಕೇತ ಕಲಿಸಿ, ಅಂಗೈ ಮೇಲೆ ಬೆರಳಿನಿಂದ ತಟ್ಟಿಯೇ ಮದುವೆಯಾಗುವೆಯಾ ಎಂದು ಕೇಳಿದ. ಅದೇ ರೀತಿಯಲ್ಲಿ ಒಪ್ಪಿಗೆ ಬಂತು. 1886ರಲ್ಲಿ ಮದುವೆಯಾಯಿತು. ಮುಂದೆ ನಾಟಕಕ್ಕೆ ಹೋದಾಗ ರಂಗದ ಮೇಲಿನ ಮಾತುಗಳನ್ನು ಮೀನಾ ಗಂಡನ ಮೊಣಕಾಲಿನ ಮೇಲೆ ತಟ್ಟಿ ತಟ್ಟಿ ತಿಳಿಸುತ್ತಿದ್ದಳು. ಅವನಿಗೆ ದೊರೆತ ಅತ್ಯುತ್ತಮ ಶ್ರವಣ ಸಾಧನ ಅದೇ ಎನ್ನಬೇಕು.

ನಿಜವಾದ ವಿದ್ಯುತ್ ಶ್ರವಣ ಸಾಧನವೂ ಆತನ ಪ್ರಯೋಗಾಲಯದೊಳಕ್ಕೇ ನಡೆದು ಬಂತು. ಅಲಬಾಮಾದ ಮಿಲ್ಲರ್ ರೀಸ್ ಹಚಿಸನ್ ಎಂಬ ಯುವ ಎಂಜಿನಿಯರ್ 1898ರ ಸುಮಾರಿಗೆ ಇಂಗಾಲದ ಮೈಕ್ರೊಫೋನ್ ಬಳಸಿ ಇಂಥ ಯಂತ್ರ ಮಾಡಿದ. 1902ರ ಹೊತ್ತಿಗೆ ಅದು ಹೊತ್ತೊಯ್ಯಬಹುದಾದ ಅಕೌಸ್ಟಿಕಾನ್ ಆಯಿತು. ಕಿವಿ ಮಂದವಾಗಿದ್ದ ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಬಳಸಿದ್ದರಿಂದ ಹೆಸರು ಬಂತು. ಇದೇ ಹಚಿಸನ್ ಮುಂದೆ ಕಾರುಗಳ ಕ್ಲಾಕ್ಸನ್ ಹಾರ್ನ್ ಕಂಡುಹಿಡಿದ. ಮೊದಲು ಕಿವುಡು ಮಾಡಿ ಆಮೇಲೆ ಯಂತ್ರ ಮಾರುತ್ತಾನೆ ಎಂದು ಜನ ತಮಾಷೆ ಮಾಡಿದರು. 1910ರ ದಶಕದಲ್ಲಿ ಆತ ಎಡಿಸನ್‌ನ ಮುಖ್ಯ ಎಂಜಿನಿಯರ್ ಆದ.

ಆದರೂ ಎಡಿಸನ್ ಅಂಥ ಯಂತ್ರದ ಮೊರೆಹೋಗಲಿಲ್ಲ. ಇಂಗಾಲದ ಸಾಧನಗಳು ಕರಕರ ಸದ್ದು ಮಾಡುತ್ತಿದ್ದವು. ಮಾತಿನ ಒಂದು ಸಣ್ಣ ಪಟ್ಟಿಯಷ್ಟು ಸ್ವರಗಳನ್ನು ಮಾತ್ರ ದಾಟಿಸುತ್ತಿದ್ದ ಅವು ಸಂಗೀತಕ್ಕೆ ಏನೇನೂ ಸಾಲದವು. ಇಂದಿನ ಡಿಜಿಟಲ್ ಸಾಧನಗಳನ್ನೂ ಮುಖ್ಯವಾಗಿ ಮಾತಿಗೆಂದೇ ಹೊಂದಿಸಿರುತ್ತಾರೆ. ವೀಣೆಯೋ ಪಿಟೀಲೋ ನುಡಿಸುವವರು ಅದನ್ನು ಹಾಕಿಕೊಂಡು ಶ್ರುತಿ ಹಿಡಿಯಲು ಹೋದರೆ ಸ್ವರ ವಿಚಿತ್ರವಾಗಿ ಕೇಳುತ್ತದೆಂದು ದೂರುವುದು ಇದಕ್ಕೇ. ಆದರೆ ಎಡಿಸನ್ ನಿರಾಕರಣೆಗೆ ಯಂತ್ರದ ದೋಷ ಒಂದೇ ಕಾರಣವಲ್ಲ. ಶಸ್ತ್ರಚಿಕಿತ್ಸೆ ಮಾಡಿ ನೋಡೋಣವೆಂದ ವೈದ್ಯರಿಗೂ ಆತ ಬೇಡವೆಂದ. ಗದ್ದಲದ ಲೋಕದಲ್ಲಿ ಮತ್ತೆ ಯೋಚಿಸುವುದನ್ನು ಕಲಿಯಬೇಕಾದೀತೆಂಬ ಅಂಜಿಕೆ ಅವನಿಗಿತ್ತು. ತನ್ನ ಒಳಗಿವಿ ಹೊರಗಿನ ಸದ್ದಿನಿಂದ ಸವೆದಿಲ್ಲ, ಆದ್ದರಿಂದ ಬೇರೆಯವರಿಗಿಂತ ತಾನೇ ಶುದ್ಧವಾಗಿ ಕೇಳುತ್ತೇನೆ ಎಂಬ ನಂಬಿಕೆಯೂ ಇತ್ತು.

ದುಬಾರಿಯಾದದ್ದು ಈ ನಂಬಿಕೆ. ಸಂಗೀತವನ್ನು ಶಾಸ್ತ್ರೀಯವಾಗಿ ಕಲಿತವನಲ್ಲ, ಆದರೆ ಪ್ರೀತಿಗೆ ಕಡಿಮೆಯಿರಲಿಲ್ಲ. ಮೆನ್ಲೊ ಪಾರ್ಕ್ ಪ್ರಯೋಗಾಲಯದ ಕೊನೆಯಲ್ಲಿ ಒಂದು ಪೈಪ್ ಆರ್ಗನ್ ಇತ್ತು. ನಡುರಾತ್ರಿ ಕೆಲಸ ನಿಲ್ಲಿಸಿ ಅದನ್ನು ನುಡಿಸುತ್ತ ಹುಡುಗರೆಲ್ಲ ಹಾಡುತ್ತಿದ್ದರು. ಅಂಥ ರಸಿಕ 1912ರ ನಂತರ ಡೈಮಂಡ್ ಡಿಸ್ಕ್ ಎಂಬ ದಪ್ಪನೆಯ ಪ್ಲೇಟುಗಳನ್ನು ಮಾರುಕಟ್ಟೆಗೆ ತಂದ. ವಜ್ರದ ಮೊನೆಯ ಸೂಜಿ, ಆ ಕಾಲಕ್ಕೆ ಸಾಟಿಯಿಲ್ಲದ ನಾದ. ಯಾವ ಹಾಡು ಹೊರಬರಬೇಕು, ಯಾವ ಗಾಯಕ ಸಲ್ಲ ಎಂದು ತೀರ್ಮಾನಿಸುವ ಅಧಿಕಾರವನ್ನು ಮಾತ್ರ ಎಡಿಸನ್ ತನ್ನ ಕೈಯಲ್ಲೇ ಇಟ್ಟುಕೊಂಡ. ಪೆಟ್ಟಿಗೆಗೆ ಕಿವಿ ಒತ್ತಿ, ಹಲ್ಲು ಕಚ್ಚಿ, ರಾಶಿ ರಾಶಿ ಧ್ವನಿಮುದ್ರಣಗಳನ್ನು ಕೇಳಿ ಪುಸ್ತಕದಲ್ಲಿ ಖಾರವಾಗಿ ಷರಾ ಬರೆದ. ಸ್ವರವನ್ನು ನಡುಗಿಸಿ ಹಾಡುವುದು ಆತನಿಗೆ ಆಗದು. ದೊಡ್ಡ ಒಪೆರಾ ತಾರೆಯರು ಬೇಡ, ಜಾಜ್ ಬೇಡವೇ ಬೇಡ. ಹಳೆಯ ಕಾಲದ ಸರಳ ಭಾವಗೀತೆಗಳೇ ಇಷ್ಟ. ರಷ್ಯಾದ ಮಹಾನ್ ಪಿಯಾನೊ ವಾದಕ ರಾಖ್ಮನಿನಾಫ್ 1919ರಲ್ಲಿ ಎಡಿಸನ್ ಕಂಪನಿಗೆ ನುಡಿಸಿ, ಮರುವರ್ಷವೇ ಎದುರಾಳಿ ವಿಕ್ಟರ್ ಕಂಪನಿಗೆ ಹೋದ.

ಕಲಾವಿದರ ಹೆಸರಿಗೆ ದುಡ್ಡು ಸುರಿಯುವುದೂ ಆತನಿಗೆ ಹಿಡಿಸುತ್ತಿರಲಿಲ್ಲ. ನಾದ ಚೆನ್ನಾಗಿದ್ದರೆ ಸಾಕು, ಹಾಡಿದವರು ಯಾರಾದರೇನು ಎಂಬ ಲೆಕ್ಕ. ವಿಕ್ಟರ್ ಕಂಪನಿ ಕರೂಸೊ ಹೆಸರಿನ ಮೇಲೆ ಲಕ್ಷಾಂತರ ಪ್ಲೇಟು ಮಾರುತ್ತಿತ್ತು. ನಮ್ಮಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಅವರಿಗೆ ಗೊತ್ತಿದ್ದ ವ್ಯಾಪಾರದ ಗುಟ್ಟು ಎಡಿಸನ್‌ಗೆ ಗೊತ್ತಾಗಲೇ ಇಲ್ಲ.

ನಾದವನ್ನು ಸಾಬೀತು ಮಾಡಲು ಆತನ ಕಂಪನಿ 1915ರಿಂದ ಊರೂರಿನಲ್ಲಿ ಪರೀಕ್ಷೆ ಏರ್ಪಡಿಸಿತು. ಗಾಯಕಿ ಯಂತ್ರದ ಪಕ್ಕದಲ್ಲಿ ನಿಂತು ಹಾಡುತ್ತಾಳೆ, ದೀಪ ಆರುತ್ತದೆ, ಯಾವಾಗ ಆಕೆ ನಿಲ್ಲಿಸಿದಳು, ಯಾವಾಗ ಪ್ಲೇಟು ಹಾಡಿತು ಎಂದು ಸಭೆ ಹೇಳಬೇಕು. ಜನ ಬೆರಗಾಗಿ ಚಪ್ಪಾಳೆ ತಟ್ಟಿದರು. ತನ್ನ ಕಂಠವನ್ನೇ ಯಂತ್ರದ ದನಿಗೆ ಹೊಂದಿಸಿ ಹಾಡುತ್ತಿದ್ದೆನೆಂದು ಗಾಯಕಿ ಆನಾ ಕೇಸ್ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡರು.

1925ರಲ್ಲಿ ಪ್ರತಿಸ್ಪರ್ಧಿಗಳು ಮೈಕ್ರೊಫೋನ್ ಇಟ್ಟು ವಿದ್ಯುತ್ತಿನಿಂದ ಧ್ವನಿ ಮುದ್ರಿಸಲು ಶುರು ಮಾಡಿದರು. ಎಡಿಸನ್ ಅದಕ್ಕೆ ತಕ್ಷಣ ಒಪ್ಪಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಆತ ಮಾಡಿಸಿದ್ದು 125 ಅಡಿ ಉದ್ದದ ಹಿತ್ತಾಳೆಯ ಕೊಂಬು! ಇಂಗಾಲದ ಬಿಲ್ಲೆಯಿಂದ ಫೋನಿಗೆ ಗಟ್ಟಿ ದನಿ ಕೊಟ್ಟವನೇ ಮೈಕ್ರೊಫೋನನ್ನು ದೂರವಿಟ್ಟದ್ದು ವಿಚಿತ್ರ. ರೇಡಿಯೊ ಬಗ್ಗೆಯೂ ತಾತ್ಸಾರವಿತ್ತು. ಮಗ ಚಾರ್ಲ್ಸ್ ಒತ್ತಾಯ ಮಾಡಿ ಬದಲಾವಣೆ ತರುವಷ್ಟರಲ್ಲಿ ಕೈಮೀರಿತ್ತು. 1929ರ ಅಕ್ಟೋಬರ್‌ನಲ್ಲಿ, ಷೇರುಪೇಟೆ ಕುಸಿದ ದಿನಗಳಲ್ಲೇ, ಎಡಿಸನ್ ಕಂಪನಿ ಸಂಗೀತದ ಪ್ಲೇಟುಗಳನ್ನು ಮಾಡುವುದನ್ನು ನಿಲ್ಲಿಸಿತು. ಫೋನೋಗ್ರಾಫ್ ಹುಟ್ಟಿ ಆಗ 52 ವರ್ಷ.

1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ, ವೆಸ್ಟ್ ಆರೆಂಜ್‌ನ ಮನೆಯಲ್ಲಿ ಎಡಿಸನ್ ತೀರಿಕೊಂಡ. 1,093 ಅಮೆರಿಕನ್ ಪೇಟೆಂಟ್‌ಗಳು ಆತನ ಹೆಸರಿನಲ್ಲಿದ್ದವು. ವೆಸ್ಟ್ ಆರೆಂಜ್‌ನ ಪ್ರಯೋಗಾಲಯ ಈಗ ರಾಷ್ಟ್ರೀಯ ಸ್ಮಾರಕ. ಆ ಕಾಲದ ಸಾವಿರಾರು ಧ್ವನಿಮುದ್ರಣಗಳು ಅಲ್ಲಿ ಭದ್ರವಾಗಿವೆ.