ಖಾಜಾ ಬಂದೇನವಾಜರೂ ಬಹಮನಿ ಗಾದಿಯೂ

ಗಾದಿಗೆ ಯಾರು ಬರಬೇಕೆಂಬ ಪ್ರಶ್ನೆಯು ರಾಜ್ಯವನ್ನೇ ಅಲುಗಿಸಬಲ್ಲುದೆಂಬುದನ್ನು ಕಿತ್ತೂರ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ದತ್ತಕವನ್ನು ಕಂಪನಿ ಸರಕಾರವು ಒಪ್ಪದೆ ಹೋದುದರಿಂದಲೇ 1824ರ ಯುದ್ಧವು ಒದಗಿತು. ಅದಕ್ಕೆ ನಾಲ್ಕು ಶತಮಾನಗಳ ಹಿಂದೆ ಕಲಬುರ್ಗಿಯಲ್ಲಿ ಇಂಥದೇ ಪ್ರಶ್ನೆಯು ಎದ್ದಾಗ ಒಪ್ಪಿಗೆ ಬೇಡಿದವನು ಸುಲ್ತಾನ. ಒಲ್ಲೆನೆಂದವರು ವೃದ್ಧ ಧರ್ಮಗುರು ಖಾಜಾ ಬಂದೇನವಾಜರು.

ಅವರ ನಿಜನಾಮವು ಸಯ್ಯದ ಮುಹಮ್ಮದ ಹುಸೇನಿ. ಜನನವು 1321ರಲ್ಲಿ, ದಿಲ್ಲಿಯಲ್ಲಿ. ಮುಹಮ್ಮದ ತುಘಲಕನು ದಿಲ್ಲಿಯ ಪ್ರಮುಖರನ್ನು ದೌಲತಾಬಾದಿಗೆ ಎಬ್ಬಿಸಿ ಕಳಿಸಿದಾಗ ಅವರಿನ್ನೂ ಬಾಲಕರು. ಮುಂದೆ ದಿಲ್ಲಿಗೆ ಮರಳಿ, ಚಿಶ್ತಿ ಪಂಥದ ನಸೀರುದ್ದೀನ ಚಿರಾಗರ ಶಿಷ್ಯರಾದರು. ಅರಸರ ಬಾಗಿಲಿಗೆ ಹೋಗದಿರುವದು, ಜಹಗೀರನ್ನು ಬಯಸದಿರುವದು ಆ ಪಂಥದ ಹಿರಿಯರ ಕಟ್ಟಳೆ. ಗುರುಗಳು 1356ರಲ್ಲಿ ತೀರಿಕೊಂಡ ಬಳಿಕ ನಾಲ್ಕು ದಶಕಗಳ ವರೆಗೆ ಅಲ್ಲಿಯೇ ಬೋಧಿಸಿದರು. 1398ರಲ್ಲಿ ತೈಮೂರನು ದಂಡೆತ್ತಿ ಬಂದಾಗ, ಎಂಬತ್ತರ ಸಮೀಪದ ವಯಸ್ಸಿನಲ್ಲಿ ದಿಲ್ಲಿಯನ್ನು ಬಿಟ್ಟು ಗುಜರಾತದ ಮಾರ್ಗವಾಗಿ ದಕ್ಷಿಣಕ್ಕೆ ಬಂದರು.

ಬಹಮನಿ ಫಿರೋಜಶಹನು ಅವರನ್ನು ಆದರದಿಂದ ಬರಮಾಡಿಕೊಂಡನು. ಕೋಟೆಯ ಬಳಿಯಲ್ಲಿಯೇ ಅವರ ಆಶ್ರಮವು ನೆಲೆಗೊಂಡಿತು. ಆದರೆ ತರ್ಕದಲ್ಲಿಯೂ ಖಗೋಲಶಾಸ್ತ್ರದಲ್ಲಿಯೂ ಆಸಕ್ತನಾದ ಸುಲ್ತಾನನಿಗೆ ಗುರುಗಳ ಶಾಸ್ತ್ರಪಾಂಡಿತ್ಯವು ಸಾಲದೆನಿಸಿತೆಂದು ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಸ್ತಾನು ಬರೆದಿರುವನು. ಸುಲ್ತಾನನ ತಮ್ಮನಾದ ಅಹಮದಖಾನನು ಮಾತ್ರ ಅವರ ಪರಮಭಕ್ತನಾದನು. ಫಿರೋಜನು ತನ್ನ ಮಗ ಹಸನಖಾನನನ್ನು ಉತ್ತರಾಧಿಕಾರಿಯೆಂದು ಸಾರಿ ಆಶೀರ್ವಾದವನ್ನು ಬೇಡಲು, ಗಾದಿಯು ಅಹಮದನಿಗೇ ಸಲ್ಲತಕ್ಕದ್ದೆಂದು ಗುರುಗಳು ನಿರಾಕರಿಸಿದರು. ಕೋಟೆಯ ಬಳಿ ಜನಸಂದಣಿಯು ಹೆಚ್ಚಾಯಿತೆಂಬ ನೆವದಿಂದ ಸ್ಥಳ ಬಿಡಬೇಕೆಂದು ಅಪ್ಪಣೆಯಾಯಿತು. ಗುರುಗಳು ಊರ ಹೊರಗೆ ಹೋದರು. ಜನರೂ ಬೆನ್ನಹಿಂದೆಯೇ ಹೋದರು. ಇಂದಿನ ದರ್ಗಾ ಇರುವದು ಅಲ್ಲಿಯೇ.

1422ರಲ್ಲಿ ಅಹಮದನೇ ಸುಲ್ತಾನನಾದನು. ಫಿರೋಜನು ಕೆಲವೇ ದಿನಗಳಲ್ಲಿ ಮಡಿದನು. ನವೆಂಬರದಲ್ಲಿ ಗುರುಗಳೂ ಕಾಲವಾದರು. ಅಹಮದಶಹನು ಭವ್ಯವಾದ ಗೋರಿಯನ್ನು ಕಟ್ಟಿಸಿ ಗುರುವಂಶಕ್ಕೆ ಗ್ರಾಮಗಳನ್ನು ಇನಾಮು ಕೊಟ್ಟನು. ಮುಂದೆ ರಾಜಧಾನಿಯು ಬೀದರಕ್ಕೆ ಸಾಗಿತು. ಅದೇ ಅರಸನು ದೂರದ ಕಿರ್ಮಾನದ ಶಾಹ ನಿಯಾಮತುಲ್ಲಾರಲ್ಲಿಗೆ ದೂತರನ್ನು ಕಳಿಸಿ, ಅವರ ಮೊಮ್ಮಗನನ್ನು ಬೀದರಕ್ಕೆ ಬರಮಾಡಿಕೊಂಡನು.

ಗುರುಗಳು ರಾಜಕಾರಣದಿಂದ ದೂರವಿದ್ದರೆಂದು ನಾವು ಹೇಳಲಾರೆವು. ಒಬ್ಬನಿಗೆ ಒಲ್ಲೆನೆಂದುದು ಇನ್ನೊಬ್ಬನಿಗೆ ಬಲವಾಯಿತು. ಆದರೂ ಫಿರೋಜನ ಕೋಪವು ಅವರಿಂದ ಕಸಿದುಕೊಂಡುದು ಕೋಟೆಯ ಬಳಿಯ ಒಂದು ತುಂಡು ನೆಲ ಮಾತ್ರ. ಅಹಮದನ ಭಕ್ತಿಯಾದರೋ ಜಹಗೀರನ್ನು ಒಲ್ಲದ ಪಂಥದ ಪೀಠವನ್ನೇ ಇನಾಮುದಾರಿಕೆಗೆ ಕಟ್ಟಿತು. ಎರಡರಲ್ಲಿ ಯಾವುದು ಹೆಚ್ಚು ಭಾರವಾಯಿತೆಂಬುದನ್ನು ಓದುಗರೇ ವಿಚಾರಿಸಲಿ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನಮ್ಮ ಸೀಮೆಯು ಇನಾಮಿನ ಗುಣವನ್ನು ಅರಿಯದುದಲ್ಲ. 1852ರ ಕಾಯಿದೆಯ ಮೇರೆಗೆ ಇನಾಮು ಕಮೀಶನ್ನು ಮುಂಬಯಿ ಇಲಾಖೆಯಲ್ಲಿ ಕೇಳಿದುದು ಸನದಿನ ಕಾಗದವನ್ನೇ ಹೊರತು ಪಡೆದವನ ತಪಸ್ಸನ್ನಲ್ಲ. ಒಬ್ಬ ಅರಸನಿಂದ ಸನದು ಪಡೆದವರು ಮುಂದಿನ ಅರಸನಿಗೆ ಅದನ್ನು ತೋರಿಸಲೇಬೇಕಾಗುವದು.