ಮಾವನ ಕ್ಯಾಸೆಟ್, ನನ್ನ ಕರ್ಟ್ ಕೊಬೇನ್

ಡಿಗ್ರಿ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವನು ಏಳು ತಿಂಗಳಿಂದ ಸೋದರಮಾವನ ಮನೆಯಲ್ಲಿದ್ದೇನೆ. ಮಾವನಿಗೆ ರಾಕ್ ಸಂಗೀತದ ಹುಚ್ಚು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಾಗ ಹೋಗಿದ್ದ ಟಿಕೆಟನ್ನು ಈಗಲೂ ಬೀರುವಿನಲ್ಲಿ ಇಟ್ಟಿದ್ದಾರೆ. ಅವರ ಪ್ರಕಾರ ಲೆಡ್ ಝೆಪ್ಲಿನ್, ಡೀಪ್ ಪರ್ಪಲ್ ಕಾಲ ಮುಗಿದಾಗಲೇ ರಾಕ್ ಕೂಡ ಮುಗಿಯಿತು. ಆಮೇಲೆ ಬಂದದ್ದೆಲ್ಲ ಗಲಾಟೆ. ನನ್ನದೋ ಕರ್ಟ್ ಕೊಬೇನ್ ಪಾರ್ಟಿ. ಅವನ ಬ್ಯಾಂಡ್ ‘ನಿರ್ವಾಣ’ ಹಾಕಿದರೆ ಸಾಕು, ಮಾವ ಟಿವಿ ಜೋರು ಮಾಡುತ್ತಾರೆ. (ಪಿಯುಸಿ ಓದುವ ಮಾವನ ಮಗಳಿಗೆ ನಮ್ಮಿಬ್ಬರದೂ ಅಜ್ಜಂದಿರ ಹಾಡು!)

ಒಂದು ದಿನ ಜಗಳ ಅತಿಯಾಯಿತು. ನೆಟ್ಟಗೆ ಗಿಟಾರ್ ಬರದ, ನೆಟ್ಟಗೆ ಒಂದು ಕೆಲಸ ಮಾಡದವನು ಕೆಲಸ ಇಲ್ಲದವರಿಗೇ ಹೀರೊ ಆಗುವುದು ಎಂದುಬಿಟ್ಟರು. ಅದೇ ವಾರ ಮೂರನೇ ಇಂಟರ್‌ವ್ಯೂನಲ್ಲಿ ರಿಜೆಕ್ಟ್ ಆಗಿದ್ದೆ. ನಾಲ್ಕು ದಿನ ನಾವು ಮಾತಾಡಲಿಲ್ಲ. ಆ ಸಿಟ್ಟಿನಲ್ಲೇ ಕೊಬೇನ್ ಬದುಕನ್ನು ಓದಲು ಕೂತೆ. ವಾದಕ್ಕೆ ಪಾಯಿಂಟ್ ಬೇಕಿತ್ತು, ಅಷ್ಟೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಬರ್ಡೀನ್ ಮರದ ವ್ಯಾಪಾರ ನಂಬಿಕೊಂಡಿದ್ದ ಊರು. ಕರ್ಟ್ ಹುಟ್ಟಿದ್ದು 1967ರ ಫೆಬ್ರುವರಿ 20ರಂದು. ಅಪ್ಪ ಮೆಕ್ಯಾನಿಕ್. ಒಂಬತ್ತನೇ ವಯಸ್ಸಿಗೆ ಅಪ್ಪ ಅಮ್ಮ ಬೇರೆಯಾದರು. ಆಮೇಲೆ ಹುಡುಗ ಅಪ್ಪನ ಮನೆ, ಅಮ್ಮನ ಮನೆ, ನೆಂಟರ ಮನೆ ಎಂದು ಅಲೆದ. ನೆಂಟರ ಮನೆಯಲ್ಲಿ ಉಳಿಯುವುದೆಂದರೆ ಏನೆಂದು ನನಗೆ ಗೊತ್ತು. ನನ್ನ ಮಾವ ಊಟಕ್ಕೆ ಕರೆಯುವುದನ್ನು ಸಿಟ್ಟಿನಲ್ಲೂ ಮರೆಯಲಿಲ್ಲ ಅನ್ನುವುದನ್ನೂ ಹೇಳಬೇಕು.

ಹದಿನಾಲ್ಕನೇ ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಬೈಕ್ ಬೇಕೋ ಗಿಟಾರ್ ಬೇಕೋ ಎಂದು ಕೇಳಿದರಂತೆ. ಅವನು ಗಿಟಾರ್ ಅಂದ. ಆಗ ಅಭ್ಯಾಸ ಮಾಡಿದ್ದು ಏನು ಗೊತ್ತಾ? ಲೆಡ್ ಝೆಪ್ಲಿನ್, ಕ್ವೀನ್, ‘ದಿ ಕಾರ್ಸ್’ ಬ್ಯಾಂಡಿನ ಹಾಡುಗಳು. ಎಲ್ಲ ಮಾವನ ಕ್ಯಾಸೆಟ್ ಡಬ್ಬಿಯಲ್ಲಿ ಇರುವಂಥವೇ. ಇದನ್ನು ಓದಿದಾಗ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಪಾಯಿಂಟ್ ಎದುರು ಪಾರ್ಟಿಗೆ ಹೋಗುತ್ತಿತ್ತು. ಪಂಕ್ ರಾಕ್ ಅವನ ಕಿವಿಗೆ ಬಿದ್ದದ್ದು ಆಮೇಲೆ, ‘ಮೆಲ್ವಿನ್ಸ್’ ಬ್ಯಾಂಡಿನ ಬಜ್ ಆಸ್ಬೋರ್ನ್ ಕೊಟ್ಟ ಟೇಪುಗಳಿಂದ.

ಹೈಸ್ಕೂಲು ಮುಗಿಯಲು ಎರಡು ವಾರ ಇದ್ದಾಗ ಪಾಸಾಗುವಷ್ಟು ಅಂಕ ಇಲ್ಲವೆಂದು ಗೊತ್ತಾಗಿ ಶಾಲೆ ಬಿಟ್ಟ. ಮುಂದೆ ಅದೇ ಶಾಲೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ. ಜತೆಯಲ್ಲಿ ಓದಿದವರ ಕಣ್ಣೆದುರೇ ಬಕೆಟ್ ಹಿಡಿದು ಓಡಾಡುವುದನ್ನು ಊಹಿಸಿಕೊಳ್ಳಿ. 1988ರ ಜನವರಿ 23ರಂದು ಗೆಳೆಯ ಕ್ರಿಸ್ಟ್ ನೊವೊಸೆಲಿಕ್ ಜೊತೆ ಸಿಯಾಟಲ್‌ನ ಸ್ಟುಡಿಯೊಗೆ ಹೋಗಿ ಒಂದೇ ದಿನದಲ್ಲಿ ಹತ್ತು ಹಾಡು ಧ್ವನಿಮುದ್ರಿಸಿದ. ಬಿಲ್ 152 ಡಾಲರ್ 44 ಸೆಂಟ್. ಕೊಟ್ಟದ್ದು ಹೀಗೆ ಗುಡಿಸಿ ಒರೆಸಿ ಗಳಿಸಿದ ದುಡ್ಡಿನಿಂದ. ಅಂದು ಮುದ್ರಿಸಿದ ಒಂದು ಹಾಡಿನ ಹೆಸರು ‘ಏರೊ ಝೆಪ್ಲಿನ್’. ಏರೊಸ್ಮಿತ್, ಲೆಡ್ ಝೆಪ್ಲಿನ್ ಎರಡನ್ನೂ ಸೇರಿಸಿ ಕಟ್ಟಿದ ಹೆಸರು. ಗೇಲಿಯೂ ಹೌದು, ಸಾಲವೂ ಹೌದು.

1991ರ ಸೆಪ್ಟೆಂಬರ್ 24ರಂದು ‘ನೆವರ್‌ಮೈಂಡ್’ ಬಂತು. ಅಷ್ಟರಲ್ಲಿ ಡ್ರಮ್ಸ್‌ಗೆ ಡೇವ್ ಗ್ರೋಲ್ ಸೇರಿದ್ದ. ಅಮೆರಿಕದ ಅಂಗಡಿಗಳಿಗೆ ಕಂಪನಿ ಮೊದಲು ಕಳಿಸಿದ್ದು ಸುಮಾರು 46 ಸಾವಿರ ಪ್ರತಿ. ಜನವರಿ ಹೊತ್ತಿಗೆ ಅದು ಮೈಕಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಕೆಳಗಿಳಿಸಿ ಮೊದಲ ಸ್ಥಾನದಲ್ಲಿತ್ತು. ಆ ಆಲ್ಬಮ್‌ನ ಅತಿ ಪ್ರಸಿದ್ಧ ಹಾಡಿನ ವಿಡಿಯೊದಲ್ಲಿ ಶಾಲೆಯ ನೆಲ ಒರೆಸುವವನೊಬ್ಬ ಇದ್ದಾನೆ, ಗಮನಿಸಿ. ಅದೇ ಹಾಡಿನ ಗಿಟಾರ್ ಮಟ್ಟು ‘ಬಾಸ್ಟನ್’ ಬ್ಯಾಂಡಿನ 1976ರ ಹಾಡನ್ನು ಹೋಲುತ್ತದೆ ಎಂದು ಹಳಬರು ಮುಸಿಮುಸಿ ನಕ್ಕರು. ಕೊಬೇನ್ ಮುಚ್ಚಿಡಲಿಲ್ಲ. 1992ರಲ್ಲಿ ಇಂಗ್ಲೆಂಡಿನ ರೀಡಿಂಗ್ ಉತ್ಸವದಲ್ಲಿ ಆ ಹಳೇ ಹಾಡನ್ನೇ ತಮಾಷೆಗೆ ನುಡಿಸಿ, ಆಮೇಲೆ ತನ್ನದಕ್ಕೆ ಬಂದ.

ಮಾವನ ಒಂದು ಮಾತು ಒಪ್ಪಲೇಬೇಕು. ಝೆಪ್ಲಿನ್‌ನ ಜಿಮ್ಮಿ ಪೇಜ್ ವೇದಿಕೆಯಲ್ಲಿ ಒಂದೇ ಹಾಡನ್ನು ಅರ್ಧ ಗಂಟೆ ಬೆಳೆಸುತ್ತಿದ್ದರು. ಕೊಬೇನ್‌ನ ಆ ಪ್ರಸಿದ್ಧ ಹಾಡಿನ ಗಿಟಾರ್ ಸೋಲೊ ಎಂದರೆ ಹಾಡಿದ ರಾಗವೇ ಮತ್ತೊಮ್ಮೆ. ಅದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಾವನಿಗೆ ಸಾಲದು.

1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ನಡೆದ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದ ಹೊತ್ತಿಗೆ ಅವನ ಆರೋಗ್ಯ ಕೆಟ್ಟಿತ್ತು. ಹೊಟ್ಟೆನೋವು, ಹೆರಾಯಿನ್ ಚಟ. ವೇದಿಕೆಗೆ ಲಿಲ್ಲಿ ಹೂ, ಮೇಣದಬತ್ತಿ ಬೇಕೆಂದ. ಎಲ್ಲರೂ ಕಾಯುತ್ತಿದ್ದ ಹಿಟ್ ಹಾಡನ್ನು ಹಾಡಲೇ ಇಲ್ಲ. ಹದಿನಾಲ್ಕರಲ್ಲಿ ಆರು ಬೇರೆಯವರ ಹಾಡುಗಳು. ಕೊನೆಯದು 1949ರಲ್ಲೇ ತೀರಿಕೊಂಡ ಲೆಡ್ ಬೆಲ್ಲಿ ಹಾಡುತ್ತಿದ್ದ ಜನಪದ ಗೀತೆ.

ಇದನ್ನು ಕೇಳುತ್ತಿದ್ದಾಗ ಹೆಡ್‌ಫೋನ್ ಚಾರ್ಜ್ ಮುಗಿಯಿತು, ಫೋನಿನಿಂದ ಜೋರಾಗಿ ಹೊರಟಿತು. ಮಾವ ಬಾಗಿಲಲ್ಲಿ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಇದು ಡೇವಿಡ್ ಬೋವಿ ಹಾಡಲ್ಲವಾ, ಇವನಿಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು ಅದು. ಅದು ಬೋವಿಯ 1970ರ ಹಾಡು ಎಂದು, ನಿಜ ಹೇಳಬೇಕೆಂದರೆ, ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಕೊಬೇನ್‌ನದೇ ಎಂದುಕೊಂಡಿದ್ದೆ. ಮಾವ ಮಂಚದ ತುದಿಯಲ್ಲಿ ಕೂತು ಪೂರ್ತಿ ಕೇಳಿದರು. ಚೆನ್ನಾಗಿದೆ ಅನ್ನಲಿಲ್ಲ. ಎದ್ದೂ ಹೋಗಲಿಲ್ಲ.

1994ರ ಏಪ್ರಿಲ್ 5ರಂದು, 27ನೇ ವಯಸ್ಸಿನಲ್ಲಿ, ಕೊಬೇನ್ ಸಿಯಾಟಲ್‌ನ ಮನೆಯಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಮಗಳಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಇದನ್ನು ದಂತಕಥೆ ಮಾಡಿ ಪೋಸ್ಟರ್ ಹಚ್ಚುವವರಿದ್ದಾರೆ. ನಾನೂ ಹಚ್ಚಿದ್ದೆ. ಈಗ ಆ ಸಾವಿನಲ್ಲಿ ಚಂದ ಏನೂ ಕಾಣುವುದಿಲ್ಲ.

ನಿರ್ವಾಣದ ಕೊನೆಯ ಕಾರ್ಯಕ್ರಮ ಮಾರ್ಚ್ 1ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯಿತು. ಗಂಟಲು ಕೆಟ್ಟಿದ್ದರೂ ಹಾಡಿದ. ಆ ರಾತ್ರಿ ಶುರು ಮಾಡಿದ್ದು ‘ದಿ ಕಾರ್ಸ್’ ಹಾಡಿನಿಂದ, ಹುಡುಗನಾಗಿದ್ದಾಗ ಗಿಟಾರ್ ಹಿಡಿದು ಕಲಿತಿದ್ದ ಅದೇ ಹಾಡು. ಇದನ್ನು ಹೇಳಿದ್ದೇ ಮಾವ ಅಟ್ಟದಿಂದ ಡಬ್ಬಿ ಇಳಿಸಿದರು. ಕ್ಯಾಸೆಟ್ ಸಿಕ್ಕಿತು, ಆದರೆ ಟೇಪ್ ಹೊರಗೆ ಬಂದು ಸಿಕ್ಕುಸಿಕ್ಕಾಗಿದೆ. ಸೋಮವಾರ ನನಗೆ ಇನ್ನೊಂದು ಇಂಟರ್‌ವ್ಯೂ ಇದೆ, ಓದಬೇಕು. ಮಾವ ಪಕ್ಕದಲ್ಲೇ ಪೆನ್ಸಿಲ್ ಹಾಕಿ ಟೇಪ್ ಸುತ್ತುತ್ತಾ ಕೂತಿದ್ದಾರೆ.