ಸೋತವರ ಮಾತನ್ನು ಕಾಪಿಟ್ಟ ಸನ್ಯಾಸಿ: ಬೆರ್ನಾರ್ದಿನೊ ದೆ ಸಹಗೂನ್

1521ನೆಯ ಇಸವಿ ಆಗಸ್ಟ್ 13ರಂದು ಅಜ್ಟೆಕ್ ಜನರ ರಾಜಧಾನಿಯಾದ ಟೆನೊಚ್ಟಿಟ್ಲಾನ್ ಸ್ಪೇನಿನ ದಳಪತಿ ಎರ್ನಾನ್ ಕೊರ್ತೆಸನ ಕೈವಶವಾಯಿತು. ಇಂದಿನ ಮೆಕ್ಸಿಕೊ ನಗರವಿರುವ ಸ್ಥಳದಲ್ಲಿ, ಸರೋವರದ ನಡುವೆ ಕಟ್ಟಿದ್ದ ಪಟ್ಟಣವದು. ಹಿಂದಿನ ವರ್ಷ ಸಿಡುಬಿನಿಂದ ನಲುಗಿದ್ದ ಪಟ್ಟಣ, ಎರಡೂವರೆ ತಿಂಗಳ ಮುತ್ತಿಗೆಯಲ್ಲಿ ಹಾಳುಬಿದ್ದಿತು. ಗೆದ್ದವರು ತಮ್ಮ ಕಥೆಯನ್ನು ತಾವೇ ಬರೆದುಕೊಂಡರು. ಸೋತವರ ಕಥೆ ಅವರದೇ ನಾವಾಟ್ಲ್ ಭಾಷೆಯಲ್ಲಿ ಉಳಿದು ಬಂದುದಕ್ಕೆ ಮುಖ್ಯ ಕಾರಣರಾದವರು ಸಂತ ಫ್ರಾನ್ಸಿಸರ ಸಭೆಗೆ ಸೇರಿದ ಒಬ್ಬ ಗುರುಗಳು.

ಬೆರ್ನಾರ್ದಿನೊ ಅವರು ಸುಮಾರು 1499ರಲ್ಲಿ ಸ್ಪೇನಿನ ಸಹಗೂನ್ ಎಂಬ ಊರಿನಲ್ಲಿ ಜನಿಸಿದರು. ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಸನ್ಯಾಸ ಸ್ವೀಕರಿಸಿ, 1529ರಲ್ಲಿ ಹಡಗು ಹತ್ತಿದರು. ಮುಂದೆ ಅರವತ್ತು ವರ್ಷ ಮೆಕ್ಸಿಕೊದಲ್ಲೇ ಇದ್ದರು, ತಾಯ್ನಾಡಿಗೆ ಮರಳಲಿಲ್ಲ.

1536ರಲ್ಲಿ ಟ್ಲಾಟೆಲೋಲ್ಕೊದಲ್ಲಿ ಪವಿತ್ರ ಶಿಲುಬೆಯ ವಿದ್ಯಾಲಯವು ಆರಂಭವಾಯಿತು. ಅಜ್ಟೆಕ್ ಯೋಧರು ಕಡೆಯದಾಗಿ ಹೋರಾಡಿ ಮಡಿದದ್ದು ಇದೇ ನೆಲದಲ್ಲಿ. ಅಲ್ಲಿ ಅವರ ಕುಲೀನರ ಮಕ್ಕಳಿಗೆ ಬೆರ್ನಾರ್ದಿನೊ ಲತೀನ್ ಕಲಿಸಿದರು. ಗುರುಮಠದಲ್ಲಿ ಲತೀನ್ ವ್ಯಾಕರಣದೊಡನೆ ಹೆಣಗಿದ ನಮ್ಮಂಥವರು, ಆ ಬಾಲಕರು ಕೆಲವೇ ವರ್ಷಗಳಲ್ಲಿ ಪ್ರೌಢ ಲತೀನ್ ಬರೆಯತೊಡಗಿದರೆಂದು ಓದಿ ನಾಚಬೇಕು. ಮೂಲನಿವಾಸಿಗಳಿಗೆ ಇಷ್ಟು ವಿದ್ಯೆ ಏಕೆಂದು ಮೂದಲಿಸಿದ ಸ್ಪೇನಿಗರೂ ಇದ್ದರು. 1545ರಲ್ಲಿ ಮಹಾಮಾರಿ ಬಡಿದಾಗ, ಟ್ಲಾಟೆಲೋಲ್ಕೊದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಶವಗಳನ್ನು ತಾವು ಹೂಳಿದುದಾಗಿ ಅವರು ಬರೆದಿಟ್ಟಿದ್ದಾರೆ. ಕೊನೆಗೆ ತಾವೂ ಹಾಸಿಗೆ ಹಿಡಿದು ಬದುಕುಳಿದರು.

1558ರ ಸುಮಾರಿಗೆ ಟೆಪೆಪುಲ್ಕೊ ಎಂಬ ಊರಿನಲ್ಲಿ ಅವರ ಮಹಾಕಾರ್ಯ ಮೊದಲಾಯಿತು. ಹತ್ತು ಹನ್ನೆರಡು ವೃದ್ಧರನ್ನು ಕೂಡಿಸಿ ಪ್ರಶ್ನೆ ಕೇಳುವರು. ವೃದ್ಧರು ತಮ್ಮ ಪದ್ಧತಿಯಂತೆ ಚಿತ್ರಗಳ ಮೂಲಕ ಉತ್ತರಿಸುವರು. ಲತೀನ್ ಬಲ್ಲ ಶಿಷ್ಯರು ಅದರ ಅರ್ಥವನ್ನು ನಾವಾಟ್ಲ್ ಭಾಷೆಯಲ್ಲಿ ಬರೆದುಕೊಳ್ಳುವರು. ಅಜಕಪೊಟ್ಸಾಲ್ಕೊದ ಆಂಟೋನಿಯೊ ವಲೇರಿಯಾನೊ ಈ ಶಿಷ್ಯರಲ್ಲಿ ಅಗ್ರಗಣ್ಯರು. ಬರೆದುದನ್ನು ಬೇರೆ ಊರಿನ ಹಿರಿಯರೆದುರು ಓದಿಸಿ ತಿದ್ದಿಸಿದರು. ಹೀಗೆ ಹನ್ನೆರಡು ಸಂಪುಟಗಳಾದವು: ದೇವತೆಗಳು, ಹಬ್ಬಗಳು, ತಂದೆ ಮಗನಿಗೆ ಹೇಳುವ ಬುದ್ಧಿಮಾತು, ವರ್ತಕರ ನಡವಳಿ, ಗಿಡಮೂಲಿಕೆ, ಹಕ್ಕಿಪಕ್ಷಿ. ಒಂದು ಅಂಕಣದಲ್ಲಿ ನಾವಾಟ್ಲ್, ಪಕ್ಕದಲ್ಲಿ ಸ್ಪ್ಯಾನಿಷ್. ಚಿತ್ರಗಳೇ ಸುಮಾರು 2,500.

ಅವರ ಉದ್ದೇಶವನ್ನು ಮರೆಮಾಚಬಾರದು. ರೋಗವನ್ನರಿಯದೆ ವೈದ್ಯನು ಮದ್ದು ಕೊಡಲಾರನು. ಹಾಗೆಯೇ ಹಳೆಯ ಪೂಜೆಯನ್ನು ಅರಿತು ಬೇರುಸಹಿತ ಕೀಳಬೇಕೆಂಬುದು ಅವರ ವಾದ. ಟೆಪೆಯಾಕ್ ಗುಡ್ಡದಲ್ಲಿ ಗ್ವಾಡಲೂಪೆ ಮಾತೆಗೆ ಸಲ್ಲುತ್ತಿದ್ದ ಭಕ್ತಿಯನ್ನೂ ಅವರು ಶಂಕಿಸಿದರು. ನಮಗೆ ಇದು ಕಹಿಯೆನಿಸಬಹುದು, ಆದರೆ ನಿಜ. ಆದರೂ ಕೀಳಲು ಹೊರಟವರು ಎಷ್ಟು ಪ್ರೀತಿಯಿಂದ ಬರೆಸಿದ್ದಾರೆ! ಹನ್ನೆರಡನೆಯ ಸಂಪುಟದಲ್ಲಿ ದಂಡಯಾತ್ರೆಯ ಕಥೆಯಿದೆ. 1520ರ ಟೊಷ್ಕಾಟ್ಲ್ ಹಬ್ಬದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಆಲ್ವರಾದೊನ ಪಡೆ ಕೊಚ್ಚಿದ್ದು, ಸಿಡುಬು ಬಂದವರು ಮಲಗಿದಲ್ಲಿಂದ ಏಳಲಾರದೆ ಹಸಿದು ಸತ್ತದ್ದು, ಎಲ್ಲವೂ ಸೋತವರ ಬಾಯಿಂದಲೇ. 1585ರಲ್ಲಿ ಅವರೇ ಈ ಸಂಪುಟವನ್ನು ತಿದ್ದಿ, ಕೊರ್ತೆಸನಿಗೆ ತುಸು ಅನುಕೂಲವಾಗಿ ಬರೆದರೆಂಬುದೂ ಉಂಟು.

ಸ್ವಂತ ಸಭೆಯವರಿಂದಲೇ ಅಡ್ಡಿ ಬಂತು. 1570ರ ಸುಮಾರಿಗೆ, ಬರಹಗಾರರಿಗೆ ಹಣ ಕೊಡುವುದು ಬಡತನದ ವ್ರತಕ್ಕೆ ವಿರುದ್ಧವೆಂದು ಮೇಲಧಿಕಾರಿಗಳು ತಡೆದರು. ಹಸ್ತಪ್ರತಿಗಳನ್ನು ಕಿತ್ತುಕೊಂಡು ನಾನಾ ಮಠಗಳಿಗೆ ಹಂಚಿದರು. ಎಪ್ಪತ್ತು ದಾಟಿದ ಗುರುಗಳ ಕೈ ಆಗಲೇ ನಡುಗುತ್ತಿತ್ತು, ಸ್ವತಃ ಬರೆಯಲಾಗದು. 1575ರಲ್ಲಿ ರೊದ್ರಿಗೊ ದೆ ಸೆಕೇರಾ ಎಂಬ ಹಿರಿಯ ಗುರುಗಳು ನೆರವಾದಾಗ ಕೆಲಸ ಮತ್ತೆ ಸಾಗಿತು. ಅಷ್ಟರಲ್ಲಿ 1577ರಲ್ಲಿ ಎರಡನೆಯ ಫಿಲಿಪ್ ದೊರೆಯು, ಮೂಲನಿವಾಸಿಗಳ ಆಚಾರಗಳನ್ನು ಕುರಿತು ಯಾರೂ ಬರೆಯಕೂಡದು, ಇವರ ಬರಹಗಳನ್ನೆಲ್ಲ ಸ್ಪೇನಿಗೆ ಕಳುಹಿಸತಕ್ಕದ್ದು ಎಂದು ಆಜ್ಞಾಪಿಸಿದನು. ಅವರ ಜೀವಿತಕಾಲದಲ್ಲಿ ಅಚ್ಚಾದುದು ಒಂದೇ ಕೃತಿ, 1583ರ ನಾವಾಟ್ಲ್ ಭಕ್ತಿಗೀತೆಗಳು. 1590ರಲ್ಲಿ ಮೆಕ್ಸಿಕೊ ನಗರದಲ್ಲಿ ದೈವಾಧೀನರಾದರು.

ಆ ಹನ್ನೆರಡು ಸಂಪುಟಗಳು ಇಟಲಿಯ ಫ್ಲಾರೆನ್ಸ್ ನಗರದ ಲಾರೆನ್ಷಿಯನ್ ಗ್ರಂಥಾಲಯದಲ್ಲಿವೆ. ಕೊನೆಯ ಸಂಪುಟದ ಚಿತ್ರಗಳು ಬಹುತೇಕ ಬರಿಯ ಕಪ್ಪು ಗೆರೆಗಳು. 1576ರಲ್ಲಿ ಮತ್ತೆ ಮಹಾಮಾರಿ ಬಂದು, ಚಿತ್ರಕಾರರಿಗೆ ಬಣ್ಣ ಸಿಗಲಿಲ್ಲವೆಂದು ವಿದ್ವಾಂಸರು ಊಹಿಸುತ್ತಾರೆ.